ಕಾಡಂಚಿನ ಮಕ್ಕಳು ಮತ್ತು ಶಾಲೆಯಾಚೆಯ ವಿಜ್ಞಾನ: ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಒಂದು ಸಮೀಕ್ಷೆ

ಶಾಲೆಯ ಗಂಟೆ, ಪಠ್ಯಕ್ರಮ ಮತ್ತು ಪರೀಕ್ಷೆ ಎಂಬ ಮೂರು ಕಟ್ಟುಗಳ ಹೊರಗೆ ನಡೆಯುವ ವಿಜ್ಞಾನದ ಕಲಿಕೆಯನ್ನು ಶಿಕ್ಷಣಶಾಸ್ತ್ರದಲ್ಲಿ ಅನೌಪಚಾರಿಕ ವಿಜ್ಞಾನ ಕಲಿಕೆ ಎಂದು ಕರೆಯುವುದು ವಾಡಿಕೆ. ವಸ್ತುಸಂಗ್ರಹಾಲಯ, ತಾರಾಲಯ, ಮೃಗಾಲಯ, ಗ್ರಂಥಾಲಯ, ಬೇಸಿಗೆ ಶಿಬಿರ, ವಿಜ್ಞಾನ ಜಾಥಾ, ಪತ್ರಿಕೆಯ ಅಂಕಣ, ಹಕ್ಕಿ ನೋಡುವವರ ಬಳಗ ಇವೆಲ್ಲವೂ ಈ ಹೆಸರಿನಡಿ ಬರುತ್ತವೆ. ಅಷ್ಟೇ ಅಲ್ಲದೆ, ಹೊಲದ ಬದುವಿನಲ್ಲಿ, ಬೋರ್‌ವೆಲ್ ಕೊರೆಯುವ ಲಾರಿಯ ಸುತ್ತ, ಕಾಡಿನ ದಾರಿಯಲ್ಲಿ ಹಿರಿಯರ ಬೆನ್ನ ಹಿಂದೆ ನಡೆಯುತ್ತ ಮಗುವೊಂದು ಪ್ರಕೃತಿಯ ಬಗ್ಗೆ ತಿಳಿದುಕೊಳ್ಳುವುದೂ ಇದರ ಭಾಗವೇ. ಮೊದಲ ಬಗೆಯ ಅವಕಾಶಗಳು ನಗರಗಳಲ್ಲಿ ಒತ್ತೊತ್ತಾಗಿ ಸಿಕ್ಕುತ್ತವೆ, ಎರಡನೆಯ ಬಗೆಯವು ಹಳ್ಳಿಗಾಡಿನಲ್ಲಿ ಹೇರಳವಾಗಿವೆ. ಆದರೆ ಮೊದಲನೆಯದನ್ನು ಮಾತ್ರ ವಿಜ್ಞಾನವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವ ರೂಢಿ ಬಲವಾಗಿ ಬೇರೂರಿದೆ. ಕರ್ನಾಟಕದ ದಕ್ಷಿಣದ ತುದಿಯಲ್ಲಿರುವ ಚಾಮರಾಜನಗರ ಜಿಲ್ಲೆ, ಅದರಲ್ಲೂ ಕೇರಳ ಮತ್ತು ತಮಿಳುನಾಡುಗಳಿಗೆ ತಾಗಿಕೊಂಡಿರುವ ಗುಂಡ್ಲುಪೇಟೆ ತಾಲ್ಲೂಕು, ಈ ರೂಢಿಯ ಪರಿಣಾಮಗಳನ್ನು ಪರಿಶೀಲಿಸಲು ತಕ್ಕ ನೆಲ.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದು ಸಮಾನತೆ. ಯಾರು ಎಷ್ಟು ದೂರದಿಂದ, ಯಾವ ಹೊರೆ ಹೊತ್ತು ಬರುತ್ತಿದ್ದಾರೆ ಎಂಬುದನ್ನು ನೋಡಿ ಅದಕ್ಕೆ ತಕ್ಕಂತೆ ಒದಗಿಸುವುದು ಸಮತೆ. ವಸ್ತುಸಂಗ್ರಹಾಲಯದ ಬಾಗಿಲು ಎಲ್ಲರಿಗೂ ತೆರೆದಿದೆ ಎಂಬ ಹೇಳಿಕೆ ಸಮಾನತೆಯ ಮಾತಾಗಬಹುದು, ಸಮತೆಯ ಮಾತಾಗಲಾರದು. ಲಂಡನ್ನಿನ ಬಡ ಮತ್ತು ವಲಸಿಗ ಸಮುದಾಯಗಳೊಡನೆ ಅಧ್ಯಯನ ನಡೆಸಿದ ಎಮಿಲಿ ಡಾಸನ್, ವಿಜ್ಞಾನ ಕೇಂದ್ರಗಳ ಒಳಗೆ ಹೋದಾಗಲೂ ಅದು ತಮ್ಮಂಥವರಿಗಾಗಿ ಕಟ್ಟಿದ ಜಾಗವಲ್ಲವೆಂಬ ಭಾವನೆ ಆ ಜನರನ್ನು ಕಾಡುತ್ತಿತ್ತೆಂಬುದನ್ನು ದಾಖಲಿಸಿದ್ದಾರೆ. ಅದೇ ದೇಶದ ಲೂಯಿಸ್ ಆರ್ಚರ್ ಮತ್ತು ಸಂಗಡಿಗರು ಬಳಕೆಗೆ ತಂದ ವಿಜ್ಞಾನ ಬಂಡವಾಳ ಎಂಬ ಪರಿಕಲ್ಪನೆಯೂ ಇಲ್ಲಿ ಉಪಯುಕ್ತ: ಮಗುವಿಗೆ ವಿಜ್ಞಾನದ ಬಗ್ಗೆ ಏನು ಗೊತ್ತು ಎಂಬುದರ ಜೊತೆಗೆ ವಿಜ್ಞಾನ ಬಲ್ಲ ಯಾರು ಗೊತ್ತು, ಮನೆಯಲ್ಲಿ ಅದರ ಮಾತು ಬರುತ್ತದೆಯೇ, ಅದು ತನ್ನ ಬದುಕಿಗೆ ಒದಗುವ ಸಂಗತಿಯೆಂದು ಮಗುವಿಗೆ ಅನ್ನಿಸುತ್ತದೆಯೇ ಎಂಬುದೆಲ್ಲ ಸೇರಿ ಈ ಬಂಡವಾಳವಾಗುತ್ತದೆ. ಇವೆರಡಕ್ಕಿಂತ ಹಳೆಯದು, 1992ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಲೂಯಿಸ್ ಮಾಲ್ ಮತ್ತು ಸಂಗಡಿಗರು ಮಂಡಿಸಿದ, ದುಡಿಯುವ ಜನರ ಮನೆಗಳಲ್ಲಿ ಕೃಷಿ, ಗಣಿ, ಔಷಧ, ಕಟ್ಟಡ ಕೆಲಸ ಮೊದಲಾದವುಗಳ ಅರಿವಿನ ನಿಧಿಯೇ ಇದ್ದು ಶಾಲೆಯು ಅದನ್ನು ಕಾಣದೆ ಹೋಗುತ್ತದೆ ಎಂಬ ವಿಚಾರ. ಚಾಮರಾಜನಗರದ ಮಟ್ಟಿಗೆ ಹೇಳುವುದಾದರೆ, ಈ ಮೂರರಲ್ಲಿ ಹೆಚ್ಚು ಬೆಳಕು ಕೊಡುವುದು ಕೊನೆಯದೇ.

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದ ಈ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 10.2 ಲಕ್ಷ. ಇವರಲ್ಲಿ ಪರಿಶಿಷ್ಟ ಜಾತಿಗಳವರು ಸುಮಾರು ಶೇ. 25, ಪರಿಶಿಷ್ಟ ಪಂಗಡಗಳವರು ಸುಮಾರು ಶೇ. 12. ಸಾಕ್ಷರತೆ ಶೇ. 61.43; ಇಡೀ ರಾಜ್ಯದ ಪ್ರಮಾಣ ಶೇ. 75.36 ಆಗಿದ್ದಾಗ ಜಿಲ್ಲೆಯದು ಅತಿ ಕೆಳಗಿನ ಮೂರರಲ್ಲಿ ಒಂದಾಗಿತ್ತು. ಈ ಅಂಕಿಯನ್ನು ಓದುವಾಗ ಒಂದನ್ನು ಮರೆಯಬಾರದು: ಅಂದು ಅಕ್ಷರ ಬಾರದವರೆಂದು ಎಣಿಕೆಯಾದ ವಯಸ್ಕರೇ ಇಂದಿನ ಹದಿಹರೆಯದವರ ತಂದೆತಾಯಿಗಳು, ಅಜ್ಜ ಅಜ್ಜಿಯರು, ಪುಸ್ತಕದ ಮೂಲಕ ವಿಜ್ಞಾನದ ಮಾತು ಮನೆಯೊಳಗೆ ಬರುವ ದಾರಿ ಆ ಮನೆಗಳಲ್ಲಿ ಕಿರಿದಾಗಿತ್ತು. ಜಿಲ್ಲೆಯ ನೆಲದ ಸುಮಾರು ಅರ್ಧ ಕಾಡು. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು ಪ್ರದೇಶಗಳು, ಮಲೆಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳು ಒಂದಕ್ಕೊಂದು ಹೆಣೆದುಕೊಂಡು ಹಬ್ಬಿವೆ. ಅವುಗಳ ಒಳಗೂ ಅಂಚಿನಲ್ಲೂ ಸೋಲಿಗ ಬುಡಕಟ್ಟಿನವರ ವಸತಿಗಳಾದ ಪೋಡುಗಳು, ಜೇನುಕುರುಬರ ಮತ್ತು ಕಾಡುಕುರುಬರ ಹಾಡಿಗಳು, ಒಕ್ಕಲುಮಕ್ಕಳ ಹಳ್ಳಿಗಳು ಇವೆ.

ಇಂಥ ಜಿಲ್ಲೆಯನ್ನು ವಿಜ್ಞಾನ ತಲುಪದ ಮೂಲೆಯೆಂದು ಬಣ್ಣಿಸುವುದು ಸುಲಭ, ಆದರೆ ಅದು ಚರಿತ್ರೆಗೆ ವಿರುದ್ಧ. ವಿಜ್ಞಾನ ಇಲ್ಲಿಗೆ ನೂರೈವತ್ತು ವರ್ಷಗಳಿಂದ ಬರುತ್ತಲೇ ಇದೆ. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್‌ಸನ್ ಚಾಮರಾಜನಗರದ ಸಮೀಪ ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ನಡೆಸಿ ಅವುಗಳ ನಡವಳಿಕೆಯನ್ನು ವಿವರವಾಗಿ ಬರೆದಿಟ್ಟದ್ದು ಸೋಲಿಗ ಹೆಜ್ಜೆಗಾರರ ನೆರವಿನಿಂದ. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗಾಗಿ 1939-40ರಲ್ಲಿ ಸಲೀಂ ಅಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಬೀಡುಬಿಟ್ಟಿದ್ದರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಬಂಡೀಪುರವೂ ಸೇರಿತ್ತು. 1976ರಿಂದ 1978ರವರೆಗೆ ಎ.ಜೆ.ಟಿ. ಜಾನ್‌ಸಿಂಗ್ ಅದೇ ಕಾಡಿನಲ್ಲಿ ಸೀಳುನಾಯಿಗಳ ಜಾಡು ಹಿಡಿದು ನಡೆಸಿದ ಅಧ್ಯಯನ ಭಾರತೀಯ ವನ್ಯಜೀವಿ ವಿಜ್ಞಾನದಲ್ಲಿ ಹೊಸ ದಾರಿಯನ್ನೇ ತೆರೆಯಿತು. ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳನ್ನು ಹಿಂಬಾಲಿಸಿದರು. ಈ ಎಲ್ಲ ಕೆಲಸಗಳಲ್ಲಿಯೂ ದಾರಿ ತೋರಿದವರು, ಲದ್ದಿಯನ್ನು ಗುರುತಿಸಿದವರು, ಮರದ ಹೆಸರು ಹೇಳಿದವರು ಸ್ಥಳೀಯರು. ಪ್ರಬಂಧಗಳ ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ಬಂದರೆ ಬಂತು. ಅವರ ಮಕ್ಕಳು ಆ ಪ್ರಬಂಧಗಳ ಓದುಗರಾಗುವರೆಂಬ ಕಲ್ಪನೆ ಆ ಕಾಲದ ಯಾವ ಯೋಜನೆಯಲ್ಲೂ ಕಾಣುವುದಿಲ್ಲ.

ಈ ಮಾತಿಗೆ ಅತ್ಯಂತ ಹತ್ತಿರದ ನಿದರ್ಶನ ಗುಂಡ್ಲುಪೇಟೆಯ ಪಕ್ಕದ ಬೇರಂಬಾಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧನ ಸಂಸ್ಥೆಗಳು ಸೇರಿ 2001ರಲ್ಲಿ ಆರಂಭಿಸಿದ ಭಾರತ-ಫ್ರಾನ್ಸ್ ಜಲವಿಜ್ಞಾನ ಘಟಕವು ಬಂಡೀಪುರದ ಕಾಡೊಳಗಿನ ಮೂಲೆಹೊಳೆಯ ಸುಮಾರು 4 ಚದರ ಕಿ.ಮೀ. ಜಲಾನಯನವನ್ನೂ, ಕಾಡಿನಾಚೆಯ ಬೇರಂಬಾಡಿಯ ಸುಮಾರು 84 ಚದರ ಕಿ.ಮೀ. ಕೃಷಿ ಜಲಾನಯನವನ್ನೂ ದೀರ್ಘಕಾಲದ ವೀಕ್ಷಣೆಗೆ ಆರಿಸಿಕೊಂಡಿತು. ಜಲಾನಯನವೆಂದರೆ ಬಿದ್ದ ಮಳೆಯೆಲ್ಲ ಹರಿದು ಒಂದೇ ತೊರೆಗೆ ಸೇರುವ ನೆಲದ ಬೋಗುಣಿ. ಒಂದು ಕಡೆ ಮನುಷ್ಯರ ಕೈ ತಾಗದ ಕಾಡು, ಇನ್ನೊಂದು ಕಡೆ ಅರಿಶಿನ, ಚೆಂಡು ಹೂ, ಸೂರ್ಯಕಾಂತಿ, ಬಾಳೆ ಬೆಳೆಯಲು ಕೊಳವೆಬಾವಿಗಳಿಂದ ನೀರೆತ್ತುವ ಹೊಲ. ಎರಡನ್ನೂ ಜೊತೆಯಲ್ಲಿ ಅಳೆದರೆ ಬೇಸಾಯವು ನೆಲದಡಿಯ ನೀರನ್ನು ಹೇಗೆ ಬದಲಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಉಪಗ್ರಹಗಳು ಆಕಾಶದಿಂದ ಅಂದಾಜಿಸುವ ಮಣ್ಣಿನ ತೇವ ನೆಲದ ಮೇಲೆ ನಿಜಕ್ಕೂ ಎಷ್ಟಿದೆ ಎಂದು ಪರಿಶೀಲಿಸಲು ಬಳಕೆಯಾದ ಹೊಲಗಳಲ್ಲಿ ಬೇರಂಬಾಡಿಯ ಹೊಲಗಳೂ ಇವೆ. ಹೀಗೆ ಜಗತ್ತಿನ ಜಲವಿಜ್ಞಾನಿಗಳಿಗೆ ಪರಿಚಿತವಾದ ಈ ನೆಲದ ಮಗುವಿಗೆ ಪಠ್ಯಪುಸ್ತಕದ ಜಲಚಕ್ರ ಯಾವುದೋ ಊರಿನ ಚಿತ್ರವಾಗಿಯೇ ಉಳಿಯುವುದಾದರೆ, ಕೊರತೆ ಇರುವುದು ವಿಜ್ಞಾನದ ದೂರದಲ್ಲಲ್ಲ, ಬಾಗಿಲಿನಲ್ಲಿ. ತನ್ನ ಅಪ್ಪನ ಬೋರ್‌ವೆಲ್ ಎಷ್ಟು ಅಡಿಗೆ ಬಿತ್ತು, ಪಕ್ಕದವರದು ಯಾವ ವರ್ಷ ಬತ್ತಿತು ಎಂಬುದು ಆ ಮಗುವಿಗೆ ಬಾಯಿಪಾಠ. ಅದೇ ಅಂಕಿಗಳನ್ನು ಒಂದು ನಕ್ಷೆಯ ಮೇಲೆ ಗುರುತು ಹಾಕಲು ಕಲಿಸಿದರೆ ಅಂತರ್ಜಲ ಶಾಸ್ತ್ರದ ಮೊದಲ ಪಾಠ ಮುಗಿದಂತೆ.

ಕನ್ನಡದಲ್ಲಿ ವಿಜ್ಞಾನವನ್ನು ಶಾಲೆಯ ಹೊರಗೆ ಒಯ್ಯುವ ಪ್ರಯತ್ನಕ್ಕೆ ಒಂದು ಶತಮಾನದ ಹಿನ್ನೆಲೆಯಿದೆ. 1918ರ ಸುಮಾರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಎಂಬ ಪತ್ರಿಕೆಯನ್ನು ನಡೆಸಿದರು. ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳ ಮೂಲಕ ವಿದ್ವಾಂಸರನ್ನು ಊರೂರಿಗೆ ಕಳುಹಿಸಿ ಆ ಉಪನ್ಯಾಸಗಳನ್ನು ಚಿಕ್ಕ ಪುಸ್ತಕಗಳಾಗಿ ಅಚ್ಚು ಹಾಕಿತು. ಶಿವರಾಮ ಕಾರಂತರು ಒಂಟಿಯಾಗಿಯೇ ‘ಬಾಲಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ಗಳನ್ನು ರಚಿಸಿದರು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ಮಕ್ಕಳ ಕೈಗಿಟ್ಟಿತು. 1987ರ ಭಾರತ ಜನ ವಿಜ್ಞಾನ ಜಾಥಾ ಮತ್ತು ಅದರ ಬೆನ್ನಿಗೆ ಹುಟ್ಟಿದ ಭಾರತ ಜ್ಞಾನ ವಿಜ್ಞಾನ ಸಮಿತಿ ಹಾಡು, ಬೀದಿನಾಟಕಗಳನ್ನು ವಿಜ್ಞಾನದ ವಾಹನಗಳನ್ನಾಗಿ ಮಾಡಿಕೊಂಡವು. 1962ರಷ್ಟು ಹಿಂದೆಯೇ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಊರ ಘಟಕಗಳು ಗುಂಡ್ಲುಪೇಟೆಯ ಗಡಿಯಾಚೆಯ ವಯನಾಡಿನಲ್ಲಿ ಕೆಲಸ ಮಾಡಿದ ಬಗೆಯನ್ನು ಹೋಲಿಸಿ ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಸಂಘಟನೆಯ ಬೇರು ಊರಿನ ಗ್ರಂಥಾಲಯದಲ್ಲಿತ್ತು. ಇಲ್ಲಿ ಅದು ಬಹುಮಟ್ಟಿಗೆ ಪ್ರೌಢಶಾಲೆಯ ಒಬ್ಬ ಉತ್ಸಾಹಿ ಶಿಕ್ಷಕನ ಹೆಗಲ ಮೇಲಿತ್ತು, ಆ ಶಿಕ್ಷಕ ವರ್ಗವಾಗಿ ಹೋದೊಡನೆ ಚಟುವಟಿಕೆಯೂ ಹೊರಟುಹೋಗುತ್ತಿತ್ತು.

ಇಂದು ಚಾಲ್ತಿಯಲ್ಲಿರುವ ವ್ಯವಸ್ಥೆಗಳಲ್ಲಿ ಕೆಲವು ಊರಿಗೆ ಬರುವಂಥವು, ಕೆಲವು ಮಕ್ಕಳನ್ನು ಊರಿನಿಂದ ಕರೆದೊಯ್ಯುವಂಥವು. 1965ರಲ್ಲಿ ಬೆಂಗಳೂರಿನಲ್ಲಿ ಬಾಗಿಲು ತೆರೆದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ತನ್ನ ಸಂಚಾರಿ ಪ್ರದರ್ಶನದ ಬಸ್ಸನ್ನು ಹಳ್ಳಿಗಾಡಿಗೆ ಕಳುಹಿಸುತ್ತ ಬಂದಿದೆ. 1999ರಲ್ಲಿ ಆರಂಭವಾದ ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಸರ್ಕಾರಿ ಶಾಲೆಗಳ ಅಂಗಳಕ್ಕೆ ಹೋಗಿ ಮಕ್ಕಳ ಕೈಗೆ ಸಲಕರಣೆ ಕೊಡುತ್ತವೆ. ಕೈಯಿಂದ ಮುಟ್ಟಿ ನೋಡುವ ಒಂದು ದಿನದ ಸಂತೋಷವನ್ನು ಕಡೆಗಣಿಸಲಾಗದು. ಆದರೆ ಬಸ್ಸು ಹೋದ ಮರುದಿನ ಮಗುವಿನ ಪ್ರಶ್ನೆಗೆ ಉತ್ತರಿಸುವವರು ಯಾರು ಎಂಬುದೇ ಇಂಥ ಯೋಜನೆಗಳ ನಿಜವಾದ ಪರೀಕ್ಷೆ. ಇನ್ನು ಹೊರಗೆ ಹೋಗುವುದಾದರೆ, ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಿಂದ ಇರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವೂ 1892ರ ಮೃಗಾಲಯವೂ ಚಾಮರಾಜನಗರ ಮತ್ತು ಗುಂಡ್ಲುಪೇಟೆ ಪಟ್ಟಣಗಳಿಂದ ಸುಮಾರು 60 ಕಿ.ಮೀ. ದೂರದಲ್ಲಿವೆ. ಪಟ್ಟಣದ ಖಾಸಗಿ ಶಾಲೆಯ ಮಗುವಿಗೆ ಅದೊಂದು ದಿನದ ಪ್ರವಾಸ. ಮಲೆಮಹದೇಶ್ವರ ಬೆಟ್ಟದ ಆಚೆಯ ಹಳ್ಳಿಯ ಮಗುವಿಗೆ ಜಿಲ್ಲಾ ಕೇಂದ್ರವೇ ನೂರು ಕಿ.ಮೀ.ಗಿಂತ ದೂರ.

ಸಮಾನತೆಯ ನಿಯಮವೇ ಸಮತೆಗೆ ಅಡ್ಡಿಯಾಗುವ ಬಗೆಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯದ ಯೋಜನೆ ಸ್ಪಷ್ಟವಾದ ಉದಾಹರಣೆ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ತಾವೇ ಸಲಕರಣೆಗಳನ್ನು ಬಿಚ್ಚಿ, ಜೋಡಿಸಿ, ಹೊಸದನ್ನು ಮಾಡಿ ನೋಡಲೆಂದು ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ಸಿಕ್ಕುತ್ತದೆ. ಉದ್ದೇಶ ಒಳ್ಳೆಯದು, ಮೊತ್ತವೂ ಸಣ್ಣದಲ್ಲ. ಆದರೆ ಬಯಲು ಸೀಮೆಯ ಶಾಲೆಗೆ ಅರ್ಜಿ ಹಾಕುವ ಅರ್ಹತೆ ಬರಬೇಕಾದರೆ 1,500 ಚದರ ಅಡಿಯಷ್ಟು ಕಟ್ಟಡದ ಜಾಗ ಇರಬೇಕೆಂಬ ನಿಯಮವಿತ್ತು. ಆ ಸೀಮೆಯ ಎಲ್ಲ ಶಾಲೆಗಳಿಗೂ ಅನ್ವಯಿಸುವ ಈ ನಿಯಮದಲ್ಲಿ ಪಕ್ಷಪಾತವೇನೂ ಕಾಣುವುದಿಲ್ಲ. ಆದರೂ ಎರಡು ಕೊಠಡಿಯ ಆಶ್ರಮ ಶಾಲೆ, ಅಂದರೆ ಬುಡಕಟ್ಟು ಮಕ್ಕಳಿಗಾಗಿ ಸರ್ಕಾರ ನಡೆಸುವ ವಸತಿ ಶಾಲೆ, ಅರ್ಜಿ ಬರೆಯುವ ಮೊದಲೇ ಹೊರಗುಳಿಯುತ್ತಿತ್ತು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಕಥೆ ಇದಕ್ಕಿಂತ ಉತ್ತಮ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಆರಿಸಿ, ತಮ್ಮ ಭಾಷೆಯಲ್ಲೇ ಅಧ್ಯಯನ ನಡೆಸಿ ಮಂಡಿಸಬಹುದೆಂಬ ಅದರ ಕಲ್ಪನೆ ಬಡ ಮಗುವಿಗೂ ಎಟುಕುವಂಥದು, ಏಕೆಂದರೆ ಅದಕ್ಕೆ ಬೇಕಾದದ್ದು ಹಣವಲ್ಲ, ಮಾರ್ಗದರ್ಶಿ ಶಿಕ್ಷಕ. ಹಾಗೆಯೇ ಅದರ ಮಿತಿಯೂ ಅಲ್ಲಿಯೇ ಇದೆ: ಶಾಲೆ ಬಿಟ್ಟ ಹದಿನಾಲ್ಕರ ಹುಡುಗಿಗೆ ಮಾರ್ಗದರ್ಶಿ ಶಿಕ್ಷಕ ಇರುವುದಿಲ್ಲ.

ದೂರಕ್ಕಿಂತ ಹೆಚ್ಚಾಗಿ ಈ ಸೀಮೆಯಲ್ಲಿ ಅವಕಾಶವನ್ನು ಕಸಿಯುವುದು ಸಮಯ. ಕಾಡಂಚಿನ ಊರುಗಳಲ್ಲಿ ಹೊತ್ತು ಮುಳುಗಿದ ಮೇಲೆ ಮಕ್ಕಳು ಹೊರಗಿರುವಂತಿಲ್ಲ. ಆನೆ, ಚಿರತೆ, ಕಾಡುಹಂದಿಗಳ ಓಡಾಟ ಆರಂಭವಾಗುವ ಹೊತ್ತದು, ಫಸಲು ಕಾಯಲು ಹೊಲದ ಅಟ್ಟಣೆಗೆ ಹೋಗುವ ಮನೆಯವರಿಗೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರೂ ಆ ಮನೆಯ ದೊಡ್ಡ ಹುಡುಗಿಯರೇ. ಬಂಡೀಪುರದ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿಷೇಧವಿದೆ. ವನ್ಯಜೀವಿಗಳ ಹಿತದಿಂದ ಅದು ಅಗತ್ಯವಾದ ಕ್ರಮವೇ ಆಗಿದ್ದರೂ, ನಗರದ ರೀತಿಯಲ್ಲಿ ಸಂಜೆ ಕಾರ್ಯಕ್ರಮ ಏರ್ಪಡಿಸುವವರು ಈ ನೆಲದ ಗಡಿಯಾರವನ್ನು ಬೇರೆಯಾಗಿಯೇ ಓದಿಕೊಳ್ಳಬೇಕಾಗುತ್ತದೆ. ಇದರಲ್ಲೊಂದು ನೋವಿನ ಸಂಗತಿಯಿದೆ. ಬೆಂಗಳೂರಿನ ತಾರಾಲಯದಲ್ಲಿ ಗುಮ್ಮಟದೊಳಗೆ ತೋರಿಸಬೇಕಾದ ನಕ್ಷತ್ರಗಳು ಕಾಡಂಚಿನ ಊರುಗಳಾದ ಮಂಗಲ, ಮದ್ದೂರು, ಕುಂದಕೆರೆಗಳ ಕಪ್ಪು ಆಕಾಶದಲ್ಲಿ ಬರಿಗಣ್ಣಿಗೆ ಕಾಣುತ್ತವೆ, ಆದರೆ ಅವುಗಳ ಕೆಳಗೆ ನಿರ್ಭಯವಾಗಿ ನಿಲ್ಲುವ ಅಂಗಳ ಮಗುವಿಗಿಲ್ಲ. ಋತುಮಾನದ ಗುಳೆಯೂ ಸಮಯದ ಪ್ರಶ್ನೆಯೇ: ಕಾಫಿ ಹಣ್ಣಾಗುವ, ಮೆಣಸು ಕೊಯ್ಯುವ ತಿಂಗಳುಗಳಲ್ಲಿ ಕೊಡಗು ಮತ್ತು ವಯನಾಡಿನ ತೋಟಗಳಿಗೆ ಕುಟುಂಬಗಳು ಹೋಗುವಾಗ ಮಕ್ಕಳೂ ಜೊತೆಗೆ ಹೋಗುತ್ತಾರೆ, ಡಿಸೆಂಬರ್, ಜನವರಿಗಳಲ್ಲಿ ನಡೆಯುವ ವಿಜ್ಞಾನ ಮೇಳದ ಹಾಜರಿಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ.

ಕಾಡನ್ನೇ ಕಲಿಕೆಯ ತಾಣವಾಗಿಸುವ ಪ್ರಯತ್ನಗಳು ಇತ್ತೀಚಿನವು. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿನೊಳಗೆ ಕರೆದೊಯ್ಯುತ್ತದೆ. ವನ್ಯಜೀವಿ ಅಧ್ಯಯನ ಕೇಂದ್ರದವರು 2018ರಲ್ಲಿ ಆರಂಭಿಸಿದ ‘ವೈಲ್ಡ್ ಶಾಲೆ’ ಮೀಸಲು ಅರಣ್ಯಗಳ ಅಂಚಿನ ಶಾಲೆಗಳಲ್ಲಿ ಕನ್ನಡದಲ್ಲಿ ಆಟ, ಕಥೆಗಳ ಮೂಲಕ ಪಾಠ ನಡೆಸುತ್ತದೆ. ಹನೂರು ತಾಲ್ಲೂಕಿನ ಕಡೆ ಹೊಳೆಮತ್ತಿ ನಿಸರ್ಗ ಪ್ರತಿಷ್ಠಾನದ ಮಾಹಿತಿ ಕೇಂದ್ರ ಸ್ಥಳೀಯ ಮಕ್ಕಳನ್ನೇ ಮುಖ್ಯ ಸಂದರ್ಶಕರೆಂದು ಭಾವಿಸಿದೆ. ದುಬಾರಿ ಸಫಾರಿಯ ಜೀಪಿನಲ್ಲಿ ಹೊರಗಿನ ಊರಿನ ಮಕ್ಕಳು ಹುಲಿ ನೋಡಿ ಹೋಗುವುದನ್ನು ರಸ್ತೆಬದಿಯಿಂದ ನೋಡುವ ಹಳ್ಳಿಯ ಮಗುವಿಗೆ ಇಂಥ ಕಾರ್ಯಕ್ರಮಗಳು ಕೊಡುವ ಗೌರವ ದೊಡ್ಡದು. ಆದರೂ ಇವುಗಳಲ್ಲಿ ಒಂದು ಎಚ್ಚರ ಬೇಕು. ಆನೆ ದಾಳಿಯಿಂದ ಬೆಳೆ ಕಳೆದುಕೊಂಡ ಮನೆಯ ಮಗುವಿಗೆ ವನ್ಯಜೀವಿ ಪ್ರೀತಿಯನ್ನು ಬೋಧಿಸುವುದಷ್ಟೇ ಗುರಿಯಾದರೆ ಅದು ವಿಜ್ಞಾನ ಕಲಿಕೆಯಾಗದೆ ನಡತೆಯ ಪಾಠವಾಗುತ್ತದೆ. ಆನೆ ಯಾವ ತಿಂಗಳಲ್ಲಿ, ಯಾವ ಬೆಳೆಗೆ, ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ಮಗುವೇ ದಾಖಲಿಸಿ ಕಾರಣ ಹುಡುಕುವಂತಾದಾಗ ಮಾತ್ರ ಅದು ವಿಜ್ಞಾನ.

ಸೋಲಿಗ ಮಕ್ಕಳ ವಿಷಯ ಇಲ್ಲಿ ಪ್ರತ್ಯೇಕ ಗಮನ ಬೇಡುತ್ತದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬಿಳಿಗಿರಿರಂಗನ ಬೆಟ್ಟದಲ್ಲಿ ವೈದ್ಯಕೀಯ ಸೇವೆಯ ಜೊತೆಗೆ ಶಾಲೆಯನ್ನೂ ಬೆಳೆಸಿದ್ದರಿಂದ, ಕಾಡಿನೊಳಗಿನ ಒಂದು ಪೀಳಿಗೆ ಪದವಿಯವರೆಗೂ ಅದರ ಮುಂದಕ್ಕೂ ಓದುವಂತಾಯಿತು; ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರಂಥ ಸಂಶೋಧಕರು ಅಶೋಕ ಪರಿಸರ ಸಂಶೋಧನ ಸಂಸ್ಥೆಯೊಡನೆ (ಏಟ್ರೀ) ಕೂಡಿ ತಮ್ಮ ಜನರ ಪವಿತ್ರ ನೆಲೆಗಳನ್ನು ನಕ್ಷೆಗೆ ತಂದರು. 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗಿನ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮನ್ನಣೆ ದೊರೆತಾಗ ಅದು ದೇಶದಲ್ಲೇ ಮೊದಲನೆಯದಾಗಿತ್ತು. ಸೋಲಿಗರ ಅರಿವು ಎಷ್ಟು ಆಳವಾದದ್ದೆಂಬುದಕ್ಕೆ ನೆಲ್ಲಿ ಮರದ ಪ್ರಸಂಗವೊಂದೇ ಸಾಕು. ಬೇಸಿಗೆಯ ಮೊದಲಿಗೆ ನೆಲದ ಒಣ ಎಲೆಗಳಿಗೆ ಹಾಕುವ ಮೆಲುವಾದ ‘ತರಗು ಬೆಂಕಿ’ಯನ್ನು ಅರಣ್ಯ ಇಲಾಖೆ ನಿಲ್ಲಿಸಿದ ಮೇಲೆ ನೆಲ್ಲಿ ಮರಗಳ ಮೇಲೆ ‘ಉಪ್ಪಿಲು’ ಎಂಬ ಬಂದಳಿಕೆ, ಅಂದರೆ ಮರದ ರಸ ಹೀರಿ ಬದುಕುವ ಪರಾವಲಂಬಿ ಗಿಡ, ಹೆಚ್ಚಾಗಿ ಮರಗಳು ಸಾಯುತ್ತಿವೆ ಎಂಬುದು ಸೋಲಿಗರ ವಿವರಣೆ. ಲೂಸಿ ರಿಸ್ಟ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿವರಣೆಯನ್ನು ಜನರ ನಂಬಿಕೆಯೆಂದು ತಳ್ಳಿಹಾಕದೆ, ಪರೀಕ್ಷಿಸಬೇಕಾದ ಊಹೆಯೆಂದು ಗಂಭೀರವಾಗಿ ಎತ್ತಿಕೊಂಡಿತು. ಊಹೆ, ಕಾರಣ, ಪರಿಣಾಮ, ಪರ್ಯಾಯ ವಿವರಣೆ ಎಂಬ ವಿಜ್ಞಾನದ ವಿಧಾನವನ್ನೆಲ್ಲ ಒಂಬತ್ತನೆಯ ತರಗತಿಯ ಸೋಲಿಗ ಮಗುವಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಕ್ಕದು. 2022ರಲ್ಲಿ ಇದೇ ಕಾಡಿನಲ್ಲಿ ದೊರೆತ ಕಣಜದ ಹೊಸ ಕುಲವೊಂದಕ್ಕೆ ಸಂಶೋಧಕರು ‘ಸೋಲಿಗ’ ಎಂದೇ ಹೆಸರಿಟ್ಟರು. ಜನರ ಹೆಸರು ಕೀಟಶಾಸ್ತ್ರದ ಪಟ್ಟಿಗೆ ಸೇರಿತು. ಕೀಟಶಾಸ್ತ್ರ ಆ ಜನರ ಮಕ್ಕಳ ಪಠ್ಯಕ್ಕೆ ಸೇರುವುದು ಬಾಕಿಯಿದೆ.

ಈ ಅರಿವನ್ನು ಹೊಗಳುವುದರಲ್ಲೇ ನಿಂತುಬಿಡುವ ಅಪಾಯವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಮೇಲೆ ಪೋಡುಗಳು ಸ್ಥಳಾಂತರಗೊಂಡು, ಬೇಟೆ ಮತ್ತು ಕುಮರಿ ಬೇಸಾಯ ನಿಂತು, ಹಿರಿಯರ ಜೊತೆ ಕಾಡು ಸುತ್ತುವ ಅವಕಾಶವೇ ಹೊಸ ಪೀಳಿಗೆಗೆ ಕಡಿಮೆಯಾಗಿದೆ. ವಸತಿ ಶಾಲೆಯಲ್ಲಿ ಹತ್ತು ತಿಂಗಳು ಕಳೆಯುವ ಮಗು ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿಗಳ ವ್ಯತ್ಯಾಸವನ್ನು ಅಜ್ಜನಷ್ಟು ಬಲ್ಲದೆಂದು ಊಹಿಸುವಂತಿಲ್ಲ. ಭಾಷೆಯ ತೊಡಕೂ ಸಣ್ಣದಲ್ಲ. ಸೋಲಿಗ ನುಡಿ ಕನ್ನಡಕ್ಕೆ ಹತ್ತಿರದ್ದು. ಭಾಷಾಶಾಸ್ತ್ರಜ್ಞ ಆಂಗ್ ಸಿ ಆ ನುಡಿಯಲ್ಲಿರುವ ಗಿಡ, ಹಕ್ಕಿ, ಜೇನುಗಳ ಅರಿವಿನ ಮೇಲೆ 2016ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಆದರೆ ಪಠ್ಯಪುಸ್ತಕದ ‘ದ್ಯುತಿಸಂಶ್ಲೇಷಣೆ’, ‘ಪರಾಗಸ್ಪರ್ಶ’ಗಳು ಸೋಲಿಗ ಮಗುವಿಗಷ್ಟೇ ಅಲ್ಲ, ಗುಂಡ್ಲುಪೇಟೆಯ ಒಕ್ಕಲು ಮಗುವಿಗೂ ಪರಭಾಷೆಯೇ. ಮನೆಯ ಮಾತಿನಿಂದ ಹೊರಟು ಶಾಸ್ತ್ರದ ಪದಕ್ಕೆ ತಲುಪಿಸುವ ಸೇತುವೆಯನ್ನು ಪರೀಕ್ಷೆಯ ಒತ್ತಡವಿರುವ ತರಗತಿ ಕಟ್ಟಲಾರದು. ಆ ಕೆಲಸಕ್ಕೆ ಬೇಕಾದ ಬಿಡುವು ಇರುವುದು ಶಾಲೆಯ ಹೊರಗಿನ ಕಲಿಕೆಯಲ್ಲೇ.

ಬಯಲಿನ ಹಳ್ಳಿಗಳಲ್ಲೂ ಇಂಥ ಪಾಠಗಳಿಗೆ ಕೊರತೆಯಿಲ್ಲ. ಆಗಸ್ಟ್ ಹೊತ್ತಿಗೆ ಹೆದ್ದಾರಿಯ ಎರಡೂ ಕಡೆ ಅರಳಿ ಪ್ರವಾಸಿಗರನ್ನು ನಿಲ್ಲಿಸುವ ಗುಂಡ್ಲುಪೇಟೆಯ ಚೆಂಡು ಹೂವಿನ ಬಹುಪಾಲು ಹಾರಕ್ಕಲ್ಲ, ಕಾರ್ಖಾನೆಗೆ ಹೋಗುತ್ತದೆ. ಅದರ ದಳಗಳಿಂದ ತೆಗೆಯುವ ಲ್ಯೂಟಿನ್ ಎಂಬ ಹಳದಿ ಬಣ್ಣದ ವಸ್ತು ಕೋಳಿ ಆಹಾರಕ್ಕೂ ಕಣ್ಣಿನ ಆರೋಗ್ಯದ ಗುಳಿಗೆಗಳಿಗೂ ಸೇರುತ್ತದೆ. ಜಿಲ್ಲೆಯಿಂದ ಹೊರದೇಶಗಳಿಗೆ ಹೋಗುವ ಕರಿಕಲ್ಲು, ಬಿಳಿಗಿರಿಯ ತಳದಲ್ಲಿರುವ 250 ಕೋಟಿ ವರ್ಷಕ್ಕೂ ಹಳೆಯ ಚಾರ್ನಕೈಟ್ ಶಿಲೆ, ಇವುಗಳ ನಡುವೆ ಕಲ್ಲು ಕೆಲಸದವರ ಮಕ್ಕಳು ಬೆಳೆಯುತ್ತಾರೆ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ರೈತರಿಗೆ ತೆರೆದಿರುವಂತೆ ರೈತರ ಮಕ್ಕಳಿಗೂ ವಾರಕ್ಕೊಂದು ಮಧ್ಯಾಹ್ನ ತೆರೆದರೆ ಹೊಸ ಕಟ್ಟಡವಿಲ್ಲದೆಯೇ ಒಂದು ವಿಜ್ಞಾನ ಕೇಂದ್ರ ದೊರೆತಂತಾಗುತ್ತದೆ.

ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ಸಂವಿಧಾನದ 51ಎ ವಿಧಿ ಹೇಳುತ್ತದೆ. ಆದರೆ ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ನಂಬಿಕೆಗೆ ಅಂಜಿ ರಾಜ್ಯದ ಅತ್ಯುನ್ನತ ಹುದ್ದೆಯಲ್ಲಿದ್ದವರೇ ವರ್ಷಗಟ್ಟಲೆ ಈ ಊರನ್ನು ತಪ್ಪಿಸಿದ್ದನ್ನು ಇಲ್ಲಿಯ ಮಕ್ಕಳು ಕೇಳುತ್ತಲೇ ಬೆಳೆದರು. 2013ರಿಂದ 2018ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದುಹೋಗಿಯೂ ಪೂರ್ಣಾವಧಿ ಮುಗಿಸಿದ್ದು ಆ ನಂಬಿಕೆಗೆ ವಿರುದ್ಧವಾಗಿ ಸಿಕ್ಕ ಪ್ರತ್ಯಕ್ಷ ಪ್ರಮಾಣ. ತನ್ನ ಊರಿನ ಹೆಸರೇ ಅಪಶಕುನವೆಂದು ಕೇಳಿ ಬೆಳೆದ ಮಗುವಿಗೆ ಪುರಾವೆ ಎಂಬ ಪದದ ಅರ್ಥ ತಿಳಿಸಲು ಇಂಥ ಉದಾಹರಣೆ ಪುಸ್ತಕದ ವ್ಯಾಖ್ಯೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಈ ಎಲ್ಲ ಪರಿಶೀಲನೆಯ ನಂತರ, ಹೊಸ ಕೇಂದ್ರ ಕಟ್ಟುವುದಕ್ಕಿಂತ ಇರುವ ಜಾಗಗಳನ್ನು ಬಳಸುವುದೇ ಈ ಜಿಲ್ಲೆಗೆ ಹೊಂದುವ ದಾರಿಯೆಂಬ ಅಭಿಪ್ರಾಯ ಗಟ್ಟಿಯಾಗುತ್ತದೆ. 2020ರ ಆಗಸ್ಟಿನಲ್ಲಿ ಕೊರೊನಾ ಕಾಲದ ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರು ಅರಳಿಕಟ್ಟೆ, ದೇವಸ್ಥಾನದ ಜಗಲಿಗಳಲ್ಲಿ ಕಲಿಸಿದ್ದು ಕೆಲವೇ ತಿಂಗಳು ನಡೆದರೂ, ಊರಿನೊಳಗೆ ಕಲಿಕೆಗೆ ಜಾಗವುಂಟೆಂಬುದನ್ನು ತೋರಿಸಿಕೊಟ್ಟಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದು, 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು, ಈಗ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ. ಶಾಲೆ ಬಿಟ್ಟ ಹುಡುಗಿಗೂ ಅಲ್ಲಿ ಪ್ರವೇಶವಿದೆ, ಅದು ಹಗಲಿನಲ್ಲಿ ತೆರೆದಿರುತ್ತದೆ, ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಅದಕ್ಕೆ ಬೇಕಾದದ್ದು ಮೇಲ್ವಿಚಾರಕರಿಗೆ ಒಂದಿಷ್ಟು ತರಬೇತಿ, ಒಂದು ಪೆಟ್ಟಿಗೆ ಸಲಕರಣೆ, ಸಂಶೋಧನೆಗೆಂದು ಆ ಪಂಚಾಯಿತಿಯ ನೆಲಕ್ಕೆ ಬರುವ ವಿಜ್ಞಾನಿಗಳು ವರ್ಷಕ್ಕೆರಡು ಸಲ ಅಲ್ಲಿ ಕುಳಿತು ತಾವು ಕಂಡದ್ದನ್ನು ಕನ್ನಡದಲ್ಲಿ ಹೇಳಬೇಕೆಂಬ ಷರತ್ತು, ಪೋಡಿನ ಹಿರಿಯರಿಗೆ ಸಂಪನ್ಮೂಲ ವ್ಯಕ್ತಿಗಳೆಂಬ ಮನ್ನಣೆ ಮತ್ತು ಗೌರವಧನ.

ಆರಂಭಕ್ಕೆ ಒಂದು ದಿನವೂ ಸಿದ್ಧವಾಗಿದೆ. ಚಾಮರಾಜನಗರ ಸುಮಾರು 11.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆರಡು ಬಾರಿ, ಏಪ್ರಿಲ್ 21-22ರ ಸುಮಾರಿಗೆ ಮತ್ತು ಆಗಸ್ಟ್ 21ರ ಸುಮಾರಿಗೆ, ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ಕೋಲಿನ ನೆರಳು ಮಾಯವಾಗುತ್ತದೆ. ಇದಕ್ಕೆ ಶೂನ್ಯ ನೆರಳಿನ ದಿನವೆಂದು ಹೆಸರು. ರಾಜ್ಯದ ಇನ್ನೊಂದು ತುದಿಯ ಬೀದರ್ ಹೆಚ್ಚುಕಡಿಮೆ ಇದೇ ರೇಖಾಂಶದಲ್ಲಿ, 6 ಡಿಗ್ರಿ ಉತ್ತರಕ್ಕಿದೆ. ಆ ಹೊತ್ತಿನಲ್ಲಿ ಅಲ್ಲಿಯ ಒಂದು ಮೀಟರ್ ಕೋಲಿಗೆ ಸುಮಾರು 10.5 ಸೆಂ.ಮೀ. ನೆರಳಿರುತ್ತದೆ. ಎರಡೂ ಕಡೆಯ ಮಕ್ಕಳು ಅಳತೆಯನ್ನು ಫೋನಿನಲ್ಲಿ ಹಂಚಿಕೊಂಡರೆ, ಆ ನೆರಳು ತೋರಿಸುವ 6 ಡಿಗ್ರಿ ಕೋನ ಇಡೀ ವೃತ್ತದ ಅರವತ್ತನೆಯ ಒಂದು ಭಾಗವಾದ್ದರಿಂದ, ನಡುವಿನ ಸುಮಾರು 665 ಕಿ.ಮೀ. ನೇರ ದೂರವನ್ನು ಅರವತ್ತರಿಂದ ಗುಣಿಸಿ ಭೂಮಿಯ ಸುತ್ತಳತೆ ಸುಮಾರು 40 ಸಾವಿರ ಕಿ.ಮೀ. ಎಂಬುದನ್ನು ತಾವೇ ಕಂಡುಕೊಳ್ಳಬಹುದು. ಆಗಸ್ಟಿನಲ್ಲಿ ಶಾಲೆಯಿರುತ್ತದೆ, ಆದರೆ ಮಳೆಗಾಲದ ಮೋಡ ಮುಚ್ಚಿರುತ್ತದೆ; ಏಪ್ರಿಲ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಶಾಲೆಗೆ ಬೇಸಿಗೆ ರಜೆ. ಆದ್ದರಿಂದ ಏಪ್ರಿಲ್‌ನ ಆ ದಿನ ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಜಿಲ್ಲೆಯ ಪ್ರತಿ ಅರಿವು ಕೇಂದ್ರದ ಅಂಗಳದಲ್ಲೂ ಒಂದು ಕೋಲು ನೆಡುವ ಹೊಣೆಯನ್ನು ಆಯಾ ಗ್ರಾಮ ಪಂಚಾಯಿತಿಗಳು ಹೊರಬೇಕು.